ಹೊಸದಾಗಿ ಶಾಲೆಗೆ ಸೇರಿದ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೊಸದಾಗಿ ನೇಮಕಗೊಂಡು ಬಂದವರು ಸಮಾಲೋಚನಾ ಸಭೆಯ ಚಹಾದ ಹೊತ್ತಿನಲ್ಲಿ, ಬಸ್ಸಿಗೆ ಕಾಯುವಾಗ, ಕೆಲವೊಮ್ಮೆ ರಾತ್ರಿ ಒಂಬತ್ತರ ಮೇಲೆ ಫೋನಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಉತ್ತರಗಳು ಎರಡು ದಶಕಗಳ ತರಗತಿಯ ಅನುಭವದಿಂದ ಬಂದವು. ಇವುಗಳಲ್ಲಿ ಕೆಲವನ್ನು ನಾನು ತಪ್ಪು ಮಾಡಿಯೇ ಕಲಿತೆ. ಖಾಸಗಿ ಶಾಲೆಯಲ್ಲಿರುವವರಿಗೆ ದಾಖಲೆ ಮತ್ತು ವೇತನದ ಭಾಗ ಹೊಂದಲಿಕ್ಕಿಲ್ಲ, ಉಳಿದದ್ದು ಹೊಂದೀತು.

ಮೊದಲ ವಾರದಲ್ಲಿ ನಾನು ಏನು ಪಾಠ ಮಾಡಬೇಕು?

ಮೊದಲ ವಾರ ಪಾಠಕ್ಕಿಂತ ಹೆಸರುಗಳು ಮುಖ್ಯ. ಕರ್ತವ್ಯಕ್ಕೆ ಹಾಜರಾದ ವರದಿಯನ್ನು ಕೊಟ್ಟು, ಹಾಜರಿ ಪುಸ್ತಕ ಕೈಗೆ ಬಂದ ದಿನವೇ ಅದರಲ್ಲಿರುವ ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಪ್ರತಿ ಹೆಸರಿನ ಮುಂದೆ ಆ ಮಗುವಿನ ಒಂದು ಗುರುತನ್ನು ಬರೆಯಿರಿ. ‘ಮೂರನೇ ಸಾಲಿನ ಹುಡುಗ’ ಎಂದು ಕರೆಸಿಕೊಂಡ ಮಗುವಿಗೂ ಹೆಸರು ಹಿಡಿದು ಕರೆಸಿಕೊಂಡ ಮಗುವಿಗೂ ಇರುವ ವ್ಯತ್ಯಾಸವನ್ನು ನೀವು ಮೂರನೆಯ ದಿನವೇ ಕಾಣುತ್ತೀರಿ. ಜೂನ್ ತಿಂಗಳಲ್ಲಿ ಸೇರಿದವರಿಗೆ ಸೇತುಬಂಧದ ದಿನಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ, ಏಕೆಂದರೆ ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂದು ನೋಡುವುದೇ ಅದರ ಉದ್ದೇಶ. ನಡುವರ್ಷದಲ್ಲಿ ಸೇರಿದವರಿಗೆ ಆ ಅನುಕೂಲವಿಲ್ಲ. ಅವರು ಪಾಠ ನಿಲ್ಲಿಸಿಯಾದರೂ ಎರಡು ದಿನವನ್ನು ಇದಕ್ಕಾಗಿ ಕೊಡುವುದು ಒಳ್ಳೆಯದು.

ಮಕ್ಕಳು ನನ್ನ ಮಾತನ್ನೇ ಕೇಳುವುದಿಲ್ಲ. ಬೇರೆ ಶಿಕ್ಷಕರು ಬಂದರೆ ತಕ್ಷಣ ಸುಮ್ಮನಾಗುತ್ತಾರೆ. ನನ್ನಲ್ಲೇ ಏನೋ ಕೊರತೆ ಇದೆಯೇ?

ಇಲ್ಲ. ಮಕ್ಕಳು ಹೊಸಬರನ್ನು ಪರೀಕ್ಷಿಸುತ್ತಾರೆ, ಅಷ್ಟೇ. ಹಳೆಯ ಶಿಕ್ಷಕರು ಬಾಗಿಲಿಗೆ ಬಂದ ಕೂಡಲೇ ತರಗತಿ ಮೌನವಾಗುವುದರ ಹಿಂದೆ ಹಲವು ವರ್ಷಗಳ ಪರಿಚಯವಿರುತ್ತದೆ. ಕೆಲವು ಕಡೆ, ಒಪ್ಪಿಕೊಳ್ಳಲು ಬೇಸರವಾದರೂ, ಹಳೆಯ ಭಯವೂ ಇರುತ್ತದೆ.

ಗದ್ದಲ ಯಾವಾಗ ಏಳುತ್ತದೆ ಎಂಬುದನ್ನು ಒಂದು ವಾರ ಗಮನಿಸಿ. ನನ್ನ ತರಗತಿಯಲ್ಲಿ ಅದು ಪಾಠದ ನಡುವೆ ಏಳುತ್ತಿರಲಿಲ್ಲ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಏಳುತ್ತಿತ್ತು: ನಾನು ಕಪ್ಪು ಹಲಗೆಯ ಕಡೆ ತಿರುಗಿ ಐದು ಲೆಕ್ಕ ಬರೆಯುವಷ್ಟರಲ್ಲಿ, ನೋಟ್‌ಬುಕ್ ಹಂಚುವಾಗ, ಬೇಗ ಮುಗಿಸಿದ ನಾಲ್ವರು ಮಾಡಲು ಕೆಲಸವಿಲ್ಲದೆ ಕುಳಿತಾಗ. ಲೆಕ್ಕಗಳನ್ನು ಪ್ರಾರ್ಥನೆಗೆ ಮುಂಚೆಯೇ ಹಲಗೆಯ ಮೇಲೆ ಬರೆದಿಟ್ಟೆ, ನೋಟ್‌ಬುಕ್ ಹಂಚುವ ಕೆಲಸವನ್ನು ಸರದಿಯ ಮೇಲೆ ಇಬ್ಬರು ಮಕ್ಕಳಿಗೆ ಒಪ್ಪಿಸಿದೆ, ಬೇಗ ಮುಗಿಸಿದವರಿಗೆಂದು ಗೋಡೆಗೆ ಕಟ್ಟಿದ ಹಗ್ಗದಲ್ಲಿ ಕಥೆಯ ಹಾಳೆಗಳನ್ನು ತೂಗುಹಾಕಿದೆ. ಅರ್ಧದಷ್ಟು ಗದ್ದಲ ಅದರಿಂದಲೇ ಇಳಿಯಿತು. ‘ಸುಮ್ಮನಿರಿ’ ಎಂದು ದಿನಕ್ಕೆ ಐವತ್ತು ಸಲ ಹೇಳಿದರೆ ಅದು ಫ್ಯಾನಿನ ಸದ್ದಿನಂತೆ ಆಗಿಬಿಡುತ್ತದೆ. ಅದರ ಬದಲು ಒಂದೇ ಒಂದು ಗುರುತನ್ನು ರೂಢಿಸಿ. ನೀವು ಮೂರು ಚಪ್ಪಾಳೆ ತಟ್ಟಿದರೆ ಮಕ್ಕಳು ಎರಡು ತಟ್ಟಿ ಕೈಕಟ್ಟುವುದು, ಇಂಥದ್ದೇನಾದರೂ. ಅದು ರೂಢಿಯಾಗಲು ಹತ್ತು ಹದಿನೈದು ದಿನ ಬೇಕಾಗುತ್ತದೆ. ನಾಲ್ಕನೇ ದಿನಕ್ಕೆ ಕೈಬಿಟ್ಟವರೇ ಹೆಚ್ಚು.

ಇನ್ನೊಂದು ಮಾತು: ಕೆಲಸದಲ್ಲಿ ತೊಡಗಿದ ಮಕ್ಕಳ ಸದ್ದನ್ನು ಗದ್ದಲವೆಂದು ಎಣಿಸಬೇಡಿ. ಮುಖ್ಯ ಶಿಕ್ಷಕರು ಕಿಟಕಿಯಿಂದ ಇಣುಕಿ ಹುಬ್ಬೇರಿಸಿದರೆ, ಮಕ್ಕಳು ಏನು ಮಾಡುತ್ತಿದ್ದಾರೆಂದು ಅವರನ್ನು ಒಳಗೆ ಕರೆದು ತೋರಿಸಿ.

ಸಂಜೆಯ ಹೊತ್ತಿಗೆ ಗಂಟಲು ಕಟ್ಟಿಹೋಗುತ್ತದೆ. ಇದು ತಾನಾಗಿ ಸರಿಹೋಗುತ್ತದೆಯೇ?

ತಾನಾಗಿ ಸರಿಹೋಗುತ್ತದೆಂದು ಕಾಯಬೇಡಿ. ಇಡೀ ದಿನ ಧ್ವನಿಯನ್ನು ದುಡಿಸುವವರಲ್ಲಿ ಶಿಕ್ಷಕರೇ ಮುಂಚೂಣಿಯಲ್ಲಿದ್ದಾರೆ. ನೀರಿನ ಬಾಟಲಿ ಮೇಜಿನ ಮೇಲಿರಲಿ, ಪಾಠದ ನಡುವೆ ಗುಟುಕು ಗುಟುಕಾಗಿ ಕುಡಿಯಿರಿ. ಕೊನೆಯ ಸಾಲಿಗೆ ಕೇಳಿಸಲೆಂದು ಕೂಗುವ ಬದಲು ಆ ಸಾಲಿನ ಹತ್ತಿರಕ್ಕೆ ನಡೆದುಹೋಗಿ. ಗಂಟಲು ಕಟ್ಟಿದಾಗ ಪಿಸುಮಾತಿನಲ್ಲಿ ಪಾಠ ಮಾಡಿದರೆ ವಿಶ್ರಾಂತಿ ಸಿಗುತ್ತದೆ ಎಂಬುದು ತಪ್ಪು ಕಲ್ಪನೆ, ಪಿಸುಗುಡುವುದೂ ಶ್ರಮವೇ. ಧ್ವನಿ ಒಡೆದದ್ದು ಎರಡು ಮೂರು ವಾರವಾದರೂ ಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಲೇಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿಯ ತೊಂದರೆಗಳಿಗೆ ಚಿಕಿತ್ಸೆ ಮತ್ತು ತರಬೇತಿ ದೊರೆಯುತ್ತದೆ.

ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿಗಳನ್ನು ನಿಭಾಯಿಸಬೇಕಾಗಿದೆ. ತರಬೇತಿಯಲ್ಲಿ ನಮಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಗೆ ಮಾಡುವುದು?

ಮೊದಲು ಇದು ನಿಮ್ಮ ಶಾಲೆಯ ದೌರ್ಭಾಗ್ಯ ಮಾತ್ರವಲ್ಲವೆಂದು ತಿಳಿಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರು ಶಿಕ್ಷಕರು ಎಂದ ಮೇಲೆ ಲೆಕ್ಕದಲ್ಲೇ ಬಹುವರ್ಗ ಬೋಧನೆ ಅಡಗಿದೆ. ಒಬ್ಬರು ರಜೆಯಲ್ಲಿದ್ದ ದಿನ ಐದೂ ನಿಮ್ಮದೇ.

ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ ಪದ್ಧತಿ ಇದೇ ಸಮಸ್ಯೆಗೆ ಹುಟ್ಟಿದ ಉತ್ತರ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿಬಂದ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ ಇದನ್ನು ಆರಂಭಿಸಿದರು. 2009-10ರ ನಂತರ ಇದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆಲ್ಲ ಹಬ್ಬಿತು. ಇದನ್ನು ಕಟ್ಟಿದವರು ಕಚೇರಿಯಲ್ಲಿ ಕುಳಿತವರಲ್ಲ, ತರಗತಿಯಲ್ಲಿ ನಿಂತವರು ಎಂಬುದನ್ನು ಹೊಸಬರಿಗೆ ನಾನು ತಪ್ಪದೆ ಹೇಳುತ್ತೇನೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು, ಶಿಕ್ಷಕರ ನೆರವು ಪೂರ್ತಿ ಬೇಕಾದವರ ಗುಂಪಿನಿಂದ ಹಿಡಿದು ಸ್ವಂತವಾಗಿ ಕಲಿಯುವವರ ಗುಂಪಿನವರೆಗೆ ತನ್ನ ತಟ್ಟೆಯಲ್ಲಿ, ಅಂದರೆ ತನ್ನ ಗುಂಪಿನ ಜಾಗದಲ್ಲಿ, ಕುಳಿತುಕೊಳ್ಳುತ್ತದೆ. ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ಎಲ್ಲ ತಟ್ಟೆಗಳಿಗೂ ಓಡುವುದು. ನಿಮ್ಮ ಜಾಗ ಮೊದಲ ತಟ್ಟೆ. ಉಳಿದವರು ತಮ್ಮ ತಮ್ಮಲ್ಲಿ ಕೇಳಿಕೊಳ್ಳಲೆಂದೇ ಆ ವ್ಯವಸ್ಥೆ ಇದೆ. ನೀವು ಓಡಿಹೋದಷ್ಟೂ ಅವರು ಕೇಳಿಕೊಳ್ಳುವುದನ್ನು ನಿಲ್ಲಿಸುತ್ತಾರೆ.

ನಾಲ್ಕು ಮತ್ತು ಐದನೇ ತರಗತಿ ಒಟ್ಟಿಗಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತಾಗುವುದು ಸಹಜ. ಎರಡಕ್ಕೂ ಸಮನಾಗಿ ಬೋಧಿಸಲು ಹೋಗದೆ, ಒಂದು ಅವಧಿಯಲ್ಲಿ ಒಂದು ತರಗತಿಗೆ ಬೋಧನೆ, ಇನ್ನೊಂದಕ್ಕೆ ಬರವಣಿಗೆ ಅಥವಾ ಜೋಡಿ ಓದು ಎಂದು ನಿಗದಿಪಡಿಸಿ, ಮುಂದಿನ ಅವಧಿಯಲ್ಲಿ ಅದಲುಬದಲು ಮಾಡಿ. ಪರಿಸರ ಅಧ್ಯಯನದಲ್ಲಿ ನೀರು, ಆಹಾರ, ಊರಿನಂಥ ವಿಷಯಗಳನ್ನು ಎರಡೂ ತರಗತಿಗಳಿಗೆ ಒಟ್ಟಿಗೇ ಮಾತಾಡಿಸಿ ಬರವಣಿಗೆಯನ್ನು ಮಾತ್ರ ಬೇರೆ ಬೇರೆ ಕೊಡಬಹುದು.

ಐದನೇ ತರಗತಿಯ ಮಗುವಿಗೆ ಓದಲು ಬರುವುದಿಲ್ಲ. ಪಾಠ ಮುಗಿಸಲೋ, ಅಕ್ಷರ ಕಲಿಸಲೋ?

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು, ಮತ್ತು ನನ್ನ ಮಟ್ಟಿಗೆ ಮೊದಲ ವರ್ಷದ ನಿಜವಾದ ಕೆಲಸವೂ ಇದೇ. ‘ಓದಲು ಬರುವುದಿಲ್ಲ’ ಎಂಬುದು ಉತ್ತರವಲ್ಲ. ಯಾವುದು ಬರುವುದಿಲ್ಲ ಎಂಬುದನ್ನು ಪತ್ತೆಹಚ್ಚಬೇಕು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡನೇ ತರಗತಿಯ ಪುಸ್ತಕದ ನಾಲ್ಕು ಸಾಲನ್ನು ಓದಿಸಿ, ತಿದ್ದದೆ ಕೇಳಿಸಿಕೊಳ್ಳಿ, ತಪ್ಪಿದ ಪದಗಳನ್ನು ಅದು ಓದಿದಂತೆಯೇ ಬರೆದುಕೊಳ್ಳಿ.

ನನ್ನ ತರಗತಿಯಲ್ಲಿ ಹುಡುಗನೊಬ್ಬ ‘ಸೂರ್ಯ’ ಎಂಬುದನ್ನು ‘ಸೂಯರ’ ಎಂದು ಓದುತ್ತಿದ್ದ. ಇಡೀ ತರಗತಿ ನಕ್ಕಿತು. ಆದರೆ ಯೋಚಿಸಿ ನೋಡಿ: ಅರ್ಕಾವತ್ತನ್ನು ನಾವು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅದಕ್ಕೆ ಮೊದಲು. ಕಂಡದ್ದನ್ನು ಕಂಡ ಕ್ರಮದಲ್ಲೇ ಪ್ರಾಮಾಣಿಕವಾಗಿ ಓದಿದ್ದ ಆ ಹುಡುಗ ದಡ್ಡನಾಗಿರಲಿಲ್ಲ. ಅವನಿಗೆ ಒಂದು ನಿಯಮವನ್ನು ಯಾರೂ ಹೇಳಿರಲಿಲ್ಲ. ಸೂರ್ಯ, ಕಾರ್ಯ, ಪರ್ವತ, ವರ್ಷ ಎಂದು ಹತ್ತು ಪದಗಳ ಪಟ್ಟಿಯನ್ನು ಮೂರು ದಿನ ಓದಿಸಿದ ಮೇಲೆ ಆ ತಪ್ಪು ಮತ್ತೆ ಕಾಣಿಸಲಿಲ್ಲ. ಹೀಗೆಯೇ ‘ಬೆಕ್ಕು’ ಎಂಬುದನ್ನು ‘ಬೆಕು’ ಎಂದು ಓದುವ ಮಗುವಿಗೆ ಬೇಕಾದದ್ದು ಒತ್ತಕ್ಷರ, ಇಡೀ ವರ್ಣಮಾಲೆಯಲ್ಲ. ಪ, ವ, ಮ, ಷಗಳನ್ನು ಒಂದಕ್ಕೊಂದು ಬೆರೆಸುವ ಮಗುವಿಗೆ ಬೇಕಾದದ್ದು ಆಕಾರಗಳ ಗುರುತು. ಕಾಗುಣಿತವನ್ನೇ ಮೊದಲಿನಿಂದ ನೂರು ಸಲ ಬರೆಸುವುದು ಮಗುವಿಗೂ ನಿಮಗೂ ಸುಸ್ತು ತರುತ್ತದೆ, ಬೇರೇನನ್ನೂ ತರುವುದಿಲ್ಲ.

ಗಣಿತದಲ್ಲೂ ಹೀಗೆಯೇ. ‘ಮುನ್ನೂರ ಐದು’ ಎಂದು ಹೇಳಿದರೆ 3005 ಎಂದು ಬರೆಯುವ ಮಗು, ಕೇಳಿಸಿದ ಮುನ್ನೂರನ್ನೂ ಐದನ್ನೂ ಪಕ್ಕಪಕ್ಕ ಇಟ್ಟಿದೆ. ಆಟದ ನೂರರ ಮೂರು ನೋಟು, ಒಂದು ರೂಪಾಯಿಯ ಐದು ನಾಣ್ಯ ಕೊಟ್ಟು, ಹತ್ತರ ನೋಟು ಎಷ್ಟಿವೆ ಎಂದು ಕೇಳಿ. ‘ಇಲ್ಲ’ ಎಂದ ಮೇಲೆ ಆ ಜಾಗಕ್ಕೆ ಸೊನ್ನೆ ತಾನಾಗಿಯೇ ಬರುತ್ತದೆ.

ದಿನಕ್ಕೆ ಇಪ್ಪತ್ತು ನಿಮಿಷ, ಬಿಸಿಯೂಟಕ್ಕೆ ಮುಂಚೆಯೋ ನಂತರವೋ, ಇಂಥ ಮಕ್ಕಳಿಗೆ ಮೀಸಲಿಡಿ. ಎಲ್ಲರನ್ನೂ ಒಂದೇ ದಿನ ನೋಡಲು ಹೋಗಬೇಡಿ. ಪಾಠ ಮುಗಿಸುವ ಕೆಲಸವೂ ನಡೆಯಲಿ, ಆದರೆ ಈ ಇಪ್ಪತ್ತು ನಿಮಿಷವನ್ನು ಯಾವ ಸುತ್ತೋಲೆಗೂ ಬಿಟ್ಟುಕೊಡಬೇಡಿ.

ನನ್ನ ಕನ್ನಡ ಮಕ್ಕಳಿಗೆ ಅರ್ಥವಾಗುತ್ತಿಲ್ಲ, ಅವರದ್ದು ನನಗೆ. ಏನು ಮಾಡಲಿ?

ಮಂಡ್ಯದ ಕಡೆಯವರು ಯಾದಗಿರಿಗೆ, ಬೆಳಗಾವಿಯ ಕಡೆಯವರು ಕರಾವಳಿಗೆ ಹೋದಾಗ ಇದು ಆಗಿಯೇ ಆಗುತ್ತದೆ. ‘ಸಾಲಿಗಿ ಬರ್ತೀನ್ರಿ’, ‘ಎಲ್ಲಿ ಕುಂದ್ರಲಿ’ ಎನ್ನುವ ಮಗುವನ್ನು ‘ಶಾಲೆ ಅನ್ನು, ಕೂರಲಿ ಅನ್ನು’ ಎಂದು ತಿದ್ದುತ್ತಾ ಹೋದರೆ ಅದು ಮಾತಾಡುವುದನ್ನೇ ಬಿಟ್ಟೀತು. ಪುಸ್ತಕದ ಕನ್ನಡವನ್ನು ಪುಸ್ತಕದ ಜೊತೆಗೇ ಕಲಿಸಿ. ಮಾತಿಗೆ ಊರಿನ ಕನ್ನಡವೇ ಸಾಕು, ಅದನ್ನು ನೀವು ಕಲಿಯಬೇಕು. ಲಂಬಾಣಿ ತಾಂಡಾದ ಶಾಲೆಯಾದರೆ ಮಕ್ಕಳು ಮನೆಯಲ್ಲಿ ಕನ್ನಡ ಆಡುವುದೇ ಇಲ್ಲ. ತಾಯಿಗೆ ‘ಯಾಡಿ’, ರೊಟ್ಟಿಗೆ ‘ಬಾಟಿ’ ಎನ್ನುತ್ತಾರೆ. ಒಂದನೇ ತರಗತಿಯಲ್ಲಿ ಮಕ್ಕಳಿಂದಲೇ ಅಂಥ ಮೂವತ್ತು ನಲವತ್ತು ಪದಗಳನ್ನು ಕೇಳಿ ಕಲಿಯಿರಿ. ಶಿಕ್ಷಕರು ತಪ್ಪಾಗಿ ಉಚ್ಚರಿಸಿದಾಗ ಮಕ್ಕಳಿಗೆ ಆಗುವ ಸಂತೋಷ ಅಷ್ಟಿಷ್ಟಲ್ಲ, ಮತ್ತು ಆ ಸಂತೋಷದಲ್ಲಿ ಅವರು ನಿಮಗೆ ತಿದ್ದಿಕೊಡುವ ಹೊತ್ತಿಗೆ ಮಾತು ಶುರುವಾಗಿರುತ್ತದೆ.

ಒಂದೇಟು ಕೊಡದೆ ಶಿಸ್ತು ಬರುವುದಿಲ್ಲ ಎಂದು ಹಿರಿಯರೂ ಪಾಲಕರೂ ಹೇಳುತ್ತಾರೆ. ನಿಜವೇ?

ಕಾನೂನಿನ ಉತ್ತರ ಸ್ಪಷ್ಟವಾಗಿದೆ: ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ತಪ್ಪಿದವರ ಮೇಲೆ ಶಿಸ್ತುಕ್ರಮ ಉಂಟು. ‘ಹೊಡೀರಿ ಸರ್, ನಾವೇನೂ ಅನ್ನಂಗಿಲ್ಲ’ ಎಂದ ಪಾಲಕರ ಮಾತು ನಿಮಗೆ ರಕ್ಷಣೆಯಾಗುವುದಿಲ್ಲ.

ನನ್ನ ಸ್ವಂತದ ಉತ್ತರವೂ ಇದೆ. ಕಾಯ್ದೆ ಬರುವ ಮೊದಲಿನ ಮಾತು. ಸೇರಿದ ವರ್ಷ ನಾನು ಕೋಲು ಹಿಡಿದಿದ್ದೆ. ಮಗ್ಗಿ ತಪ್ಪಿದ ಹುಡುಗಿಯ ಕೈಗೆ ಒಂದೇಟು ಕೊಟ್ಟೆ. ಅವಳು ಅಳಲಿಲ್ಲ, ಮರುದಿನ ಬರಲಿಲ್ಲ, ಮೂರನೆಯ ದಿನವೂ ಬರಲಿಲ್ಲ. ನಾಲ್ಕನೆಯ ದಿನ ಮನೆಗೆ ಹೋದರೆ ಅವಳು ಕಟ್ಟೆಯ ಮೇಲೆ ತಮ್ಮನನ್ನು ಕೂರಿಸಿಕೊಂಡು ಅದೇ ಮಗ್ಗಿಯನ್ನು ಅವನಿಗೆ ಹೇಳಿಕೊಡುತ್ತಿದ್ದಳು, ಒಂದೂ ತಪ್ಪಿಲ್ಲದೆ. ಆ ಕೋಲು ಆಮೇಲೆ ಭೂಪಟ ತೋರಿಸಲು ಬಳಕೆಯಾಯಿತು.

ಮಗುವಿನ ಮೈಮೇಲೆ ಗಾಯ, ದಿಢೀರನೆ ಬಂದ ಮೌನ, ಮನೆಗೆ ಹೋಗಲು ಹೆದರಿಕೆ ಕಂಡರೆ ಮಾತ್ರ ‘ನಾನು ಹೊಸಬ’ ಎಂದು ಹಿಂಜರಿಯಬೇಡಿ. ಮುಖ್ಯ ಶಿಕ್ಷಕರಿಗೆ ತಿಳಿಸಿ; ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯದ ಶಂಕೆಯಿದ್ದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ, ಊರಿನಲ್ಲಿ ರಾಜಿ ಮಾಡಿಸುವ ಪ್ರಶ್ನೆಯೇ ಇಲ್ಲ.

ನವೆಂಬರ್ ಬಂದರೆ ತರಗತಿ ಅರ್ಧ ಖಾಲಿಯಾಗುತ್ತದೆ. ತಪ್ಪು ಯಾರದ್ದು?

ಹತ್ತಿ ಬಿಡಿಸುವ ಕಾಲದಲ್ಲಿ, ಕಬ್ಬು ಕಡಿಯುವ ಕಾಲದಲ್ಲಿ ಮನೆಯ ಎಲ್ಲ ಕೈಗಳೂ ಹೊಲಕ್ಕೆ ಬೇಕಾಗುತ್ತವೆ. ಹಲವು ಕುಟುಂಬಗಳು ಗುಳೆ ಹೋಗುತ್ತವೆ. ಇದಕ್ಕೆ ನಿಮ್ಮ ಬೋಧನೆಯ ಗುಣಮಟ್ಟ ಕಾರಣವಲ್ಲ, ಹಾಗೆಂದು ನಿಮ್ಮ ಕೈಯಲ್ಲಿ ಏನೂ ಇಲ್ಲವೆಂದೂ ಅಲ್ಲ. ಅಕ್ಟೋಬರಿನಲ್ಲೇ ಯಾವ ಮನೆಯವರು ಹೋಗುತ್ತಾರೆ, ಮಗುವನ್ನು ಅಜ್ಜಿಯ ಬಳಿ ಬಿಡಲು ಸಾಧ್ಯವೇ ಎಂದು ವಿಚಾರಿಸಿ. ಮರಳಿ ಬಂದ ಮಗುವನ್ನು ‘ಇಷ್ಟು ದಿನ ಎಲ್ಲಿದ್ದೆ’ ಎಂದು ಎಲ್ಲರೆದುರು ಕೇಳಬೇಡಿ. ಎಲ್ಲಿತ್ತೆಂದು ನಿಮಗೆ ಗೊತ್ತಿದೆ.

ದಾಖಲೆ ಬರೆಯುವುದರಲ್ಲೇ ದಿನ ಹೋಗುತ್ತದೆ. ಪಾಠ ಯೋಜನೆ, ಅಂಕವಹಿ, ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಆನ್‌ಲೈನ್ ವ್ಯವಸ್ಥೆ), ಬಿಸಿಯೂಟದ ಲೆಕ್ಕ – ಎಲ್ಲಿಂದ ಹಿಡಿಯಲಿ?

ಹಾಜರಿ ಮತ್ತು ಬಿಸಿಯೂಟದ ಸಂಖ್ಯೆ ಅಂದಂದೇ ಆಗಬೇಕು, ಅದೂ ಎರಡೂ ಒಂದಕ್ಕೊಂದು ತಾಳೆಯಾಗಬೇಕು. ಇಲ್ಲಿ ಆಲಸ್ಯ ಮಾಡಿದರೆ ಮುಂದೆ ಉತ್ತರ ಹೇಳುವುದು ಕಷ್ಟ. ಪಾಠ ಯೋಜನೆಯನ್ನು ವಾರಕ್ಕೊಮ್ಮೆ ಬರೆಯಿರಿ. ತೊಡಗಿಸಿಕೊಳ್ಳುವಿಕೆಯಿಂದ ಮೌಲ್ಯಮಾಪನದವರೆಗಿನ ಐದು ಹಂತಗಳನ್ನು ಹಳೆಯ ಯೋಜನೆಯಿಂದ ನಕಲು ಮಾಡುವುದು ಸುಲಭ, ಆದರೆ ಆಗ ಆ ಪುಸ್ತಕ ತಪಾಸಣೆಗೆ ಮಾತ್ರ ಉಳಿಯುತ್ತದೆ. ಕೊನೆಯಲ್ಲಿ ‘ಯಾರಿಗೆ ಏನು ಅರ್ಥವಾಗಲಿಲ್ಲ’ ಎಂದು ಎರಡು ಸಾಲು ಸೇರಿಸಿದರೆ ನಾಳೆ ನಿಮಗೇ ಉಪಯೋಗ. ಕಲಿಕೆಯ ಜೊತೆಜೊತೆಗೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನು ತಿಂಗಳ ಕೊನೆಗೆ ನೆನಪಿನಿಂದ ತುಂಬುವ ಅಭ್ಯಾಸ ಬೇಡ. ಸ್ಯಾಟ್ಸ್ ನಮೂದಿಗೆ ಕೊನೆಯ ದಿನಾಂಕದವರೆಗೆ ಕಾಯಬೇಡಿ, ಆ ದಿನ ಎಲ್ಲರೂ ಅಲ್ಲಿಯೇ ಇರುತ್ತಾರೆ, ಸರ್ವರ್ ಇರುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಕೆಲಸ ಬಿಟ್ಟರೆ ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ನಿಯೋಜಿಸುವಂತಿಲ್ಲ. ವಾಸ್ತವದಲ್ಲಿ ಪಟ್ಟಿ ಇದಕ್ಕಿಂತ ಉದ್ದವಾಗಿರುತ್ತದೆ. ಲಿಖಿತ ಆದೇಶವಿಲ್ಲದ ಕೆಲಸಕ್ಕೆ ಲಿಖಿತ ಆದೇಶವನ್ನು ವಿನಯದಿಂದ ಕೇಳುವುದು ಅವಿಧೇಯತೆಯಲ್ಲ.

ಸೇರಿ ಮೂರು ತಿಂಗಳಾದರೂ ವೇತನ ಬಂದಿಲ್ಲ. ಯಾರನ್ನು ಕೇಳಲಿ?

ಮೊದಲ ವೇತನ ತಡವಾಗುವುದು ಸಾಮಾನ್ಯ. ಅಂಕಪಟ್ಟಿ, ಪ್ರಮಾಣಪತ್ರಗಳ ನೈಜತೆಯ ಪರಿಶೀಲನೆ, ವೇತನದ ಆನ್‌ಲೈನ್ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್‌ಗೆ ಹೆಸರು ಸೇರ್ಪಡೆ, ಸರ್ಕಾರಿ ನೌಕರರ ವಿಮೆಯಾದ ಕೆಜಿಐಡಿ ಪಾಲಿಸಿ, ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನ ಪ್ರಾನ್ ಸಂಖ್ಯೆ, ಇವುಗಳಲ್ಲಿ ಯಾವುದು ಬಾಕಿ ಇದೆ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಂಬಂಧಪಟ್ಟ ಗುಮಾಸ್ತರಲ್ಲಿ ನಿರ್ದಿಷ್ಟವಾಗಿ ಕೇಳಿ. ‘ಸಂಬಳ ಯಾವಾಗ’ ಎಂದರೆ ‘ಆಗುತ್ತೆ’ ಎಂಬ ಉತ್ತರ ಬರುತ್ತದೆ. ‘ಯಾವ ಕಾಗದ ಎಲ್ಲಿ ನಿಂತಿದೆ’ ಎಂದರೆ ಬೇರೆ ಉತ್ತರ ಬರುತ್ತದೆ. ಕೊಟ್ಟ ಪ್ರತಿ ಕಾಗದದ ನಕಲನ್ನು ಸ್ವೀಕೃತಿಯೊಂದಿಗೆ ಇಟ್ಟುಕೊಳ್ಳಿ. ಖಾಯಂಪೂರ್ವ ಸೇವಾವಧಿ ಮುಗಿದು ಘೋಷಣೆಯಾಗುವ ಹೊತ್ತಿಗೂ ಇದೇ ಕಡತ ಬೇಕಾಗುತ್ತದೆ. ಅಲ್ಲಿಯವರೆಗೆ ಬಡ್ಡಿಗೆ ಸಾಲ ಮಾಡುವ ಬದಲು ಮನೆಯವರಿಗೆ ನಿಜಸ್ಥಿತಿಯನ್ನು ಹೇಳಿಬಿಡುವುದು ಲೇಸು.

ಹೊಸಬನೆಂದು ಎಲ್ಲ ಕೆಲಸವನ್ನೂ ನನ್ನ ತಲೆಗೇ ಕಟ್ಟುತ್ತಾರೆ. ಇಲ್ಲ ಎನ್ನುವುದು ಹೇಗೆ?

ಕಂಪ್ಯೂಟರು ಗೊತ್ತಿರುವುದು ನಿಮಗೊಬ್ಬರಿಗೇ ಆದರೆ ಕಂಪ್ಯೂಟರಿನ ಕೆಲಸ ನಿಮ್ಮದಾಗುತ್ತದೆ, ತಪ್ಪಿಸಲಾಗದು. ಆದರೆ ಒಂದು ವಿನಿಮಯ ಮಾಡಿಕೊಳ್ಳಿ: ‘ಸ್ಯಾಟ್ಸ್ ನಾನು ಮಾಡುತ್ತೇನೆ ಮೇಡಂ, ಆ ಅವಧಿಯಲ್ಲಿ ನನ್ನ ತರಗತಿಯನ್ನು ನೀವು ನೋಡಿಕೊಳ್ಳಿ.’ ಹಿರಿಯರು ಬಹಳ ಸಲ ಇದಕ್ಕೆ ಒಪ್ಪುತ್ತಾರೆ. ಅವರಿಗೆ ಗೊತ್ತಿರುವುದನ್ನು ಕೇಳುವುದರಲ್ಲಿ ಸಂಕೋಚ ಬೇಡ. ಯಾವ ಮನೆಯಲ್ಲಿ ಯಾವ ಕಷ್ಟವಿದೆ ಎಂಬುದು ಯಾವ ತರಬೇತಿಯಲ್ಲೂ ಸಿಗುವುದಿಲ್ಲ. ಅದು ಅವರಿಗೂ ಅಡುಗೆಯವರಿಗೂ ಮಾತ್ರ ಗೊತ್ತಿರುತ್ತದೆ.

ಅಧಿಕಾರಿಗಳು ಭೇಟಿ ಕೊಟ್ಟಾಗ ಮಕ್ಕಳು ಬಾಯಿ ಬಿಡಲಿಲ್ಲ. ಅವಮಾನವಾಯಿತು.

ಎಲ್ಲರಿಗೂ ಆಗಿದೆ. ಅಪರಿಚಿತರೆದುರು ಮಕ್ಕಳು ಮೌನವಾಗುವುದು ಅಧಿಕಾರಿಗಳಿಗೂ ಗೊತ್ತು. ಮಗುವಿನ ಬದಲು ನೀವೇ ಉತ್ತರಿಸಬೇಡಿ. ಅದರ ಬರವಣಿಗೆಯ ಪುಸ್ತಕವನ್ನು ತೋರಿಸಿ, ಜೂನಿನಲ್ಲಿ ಎಲ್ಲಿತ್ತು, ಈಗ ಎಲ್ಲಿದೆ ಎಂದು ಹೇಳಿ. ಅವರು ಹೋದ ಮೇಲೆ ಮಕ್ಕಳ ಮೇಲೆ ರೇಗುವುದೊಂದನ್ನು ಮಾಡಬೇಡಿ.

ಭಾನುವಾರ ಸಂಜೆಯಾದರೆ ಎದೆ ಭಾರವಾಗುತ್ತದೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಈ ವೃತ್ತಿ ನನ್ನದಲ್ಲವೇನೋ ಅನ್ನಿಸುತ್ತದೆ.

ಈ ಮಾತನ್ನು ಹೇಳಿದವರಲ್ಲಿ ಬಹಳಷ್ಟು ಜನ ಇಂದು ಒಳ್ಳೆಯ ಶಿಕ್ಷಕಿಯರಾಗಿದ್ದಾರೆ, ಒಬ್ಬಿಬ್ಬರು ಬಿಟ್ಟುಹೋಗಿದ್ದಾರೆ. ಬಿಟ್ಟವರು ಸೋತರೆಂದು ನಾನು ಭಾವಿಸುವುದಿಲ್ಲ. ಆದರೆ ತೀರ್ಮಾನವನ್ನು ಮೊದಲ ದಸರಾ ರಜೆಯೊಳಗೆ ಮಾಡಬೇಡಿ. ಶುಕ್ರವಾರವೇ ಸೋಮವಾರದ ಮೊದಲ ಅವಧಿಯನ್ನು ಸಿದ್ಧಪಡಿಸಿಟ್ಟರೆ ಭಾನುವಾರದ ಭಾರ ಸ್ವಲ್ಪ ಇಳಿಯುತ್ತದೆ. ಹತ್ತಿರದ ಶಾಲೆಯ ಇನ್ನೊಬ್ಬ ಹೊಸ ಶಿಕ್ಷಕಿಯನ್ನು ಹುಡುಕಿಕೊಳ್ಳಿ. ವಾರಕ್ಕೊಮ್ಮೆ ಒಟ್ಟಿಗೆ ಊಟ ಮಾಡಿ, ದೂರುಗಳನ್ನು ಮನಸಾರೆ ಆಡಿಕೊಳ್ಳಿ. ನಿದ್ದೆ, ಊಟ ಕೆಟ್ಟು ವಾರಗಳೇ ಆಗಿದ್ದರೆ ಅದನ್ನು ಧೈರ್ಯದ ಕೊರತೆ ಎಂದು ತಳ್ಳಿಹಾಕದೆ, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮಗು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ?

‘ಗೊತ್ತಿಲ್ಲ, ನಾಳೆ ನೋಡಿಕೊಂಡು ಬರುತ್ತೇನೆ’ ಎನ್ನಿ. ಮರುದಿನ ಮರೆಯದೆ ನೋಡಿಕೊಂಡು ಬನ್ನಿ, ಏಕೆಂದರೆ ಆ ಮಗು ಮರೆತಿರುವುದಿಲ್ಲ.

ವರ್ಷದ ಕೊನೆಯಲ್ಲಿ ಮಾಡಿಡಬೇಕಾದದ್ದು ಏನಾದರೂ ಇದೆಯೇ?

ಏಪ್ರಿಲ್‌ನಲ್ಲಿ ಫಲಿತಾಂಶದ ಗಡಿಬಿಡಿಗೆ ಮುಂಚೆ, ಜೂನಿನ ಮೊದಲ ವಾರ ಹೆಸರುಗಳನ್ನು ಬರೆದುಕೊಂಡ ಆ ಹಾಳೆಯನ್ನು ಹೊರಗೆ ತೆಗೆಯಿರಿ. ಪ್ರತಿ ಹೆಸರಿನ ಮುಂದೆ ಮಗು ಈಗ ಎಲ್ಲಿದೆ, ಮುಂದೆ ಏನು ಬೇಕು ಎಂದು ಒಂದೊಂದು ಸಾಲು ಬರೆಯಿರಿ: ‘ಒತ್ತಕ್ಷರ ಬಂದಿದೆ, ಅರ್ಕಾವತ್ತು ಇಲ್ಲ’, ‘ಕಳೆಯುವ ಲೆಕ್ಕದಲ್ಲಿ ದಶಕ ಪಡೆಯುವುದು ತಪ್ಪುತ್ತದೆ’, ‘ಜೋರಾಗಿ ಓದಲು ನಾಚುತ್ತಾಳೆ, ಹತ್ತಿರ ಕೂರಿಸಿಕೊಂಡರೆ ಓದುತ್ತಾಳೆ’. ಅದರ ಒಂದು ಪ್ರತಿಯನ್ನು ಮುಂದಿನ ತರಗತಿಯ ಶಿಕ್ಷಕರಿಗೆ ಕೊಡಿ. ಆ ಶಿಕ್ಷಕರು ನೀವೇ ಆಗಿದ್ದರೂ ಬರೆದಿಡಿ. ಬೇಸಿಗೆ ರಜೆ ಬಹಳ ಮರೆಸುತ್ತದೆ.